ಕೂಲರ್ ಮುಂದಿಟ್ಟ ಮರಿಗಳು

19-5-1998, ಮಂಗಳವಾರ

ಇವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನೆಯಷ್ಟೇ ಸದರ್ ಬಜಾರಿನಿಂದ ತಂದ ಬಾಂಟಮ್ ಎಂಬ ಗಿಡ್ಡ ತಳಿಯ ಕೋಳಿಮರಿಗಳು, ಮುಷ್ಟಿಯೊಳಗೆ ಅಡಗುವಷ್ಟು ಸಣ್ಣವು. ಪುಕ್ಕ ಬರುವ ತನಕ ಬಲ್ಬಿನ ಕಾವು ಬೇಕೇ ಬೇಕೆಂದು ಬಡಕೊಂಡು ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಬಲ್ಬು ಆರಿಸಿ, ರಟ್ಟಿನ ಡಬ್ಬಿಯನ್ನು ಕೂಲರ್ ಮುಂದೆ ಇಟ್ಟಿದ್ದಾರೆ! ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಎಲ್ಲಕ್ಕಿಂತ ಕೆಳಗೆ ಬಿಳಿಯದು ಸತ್ತಿತ್ತು.

"ಇಂಥಾ ಬಿಸಿಲಾಗ ಬಲ್ಬ್ ಯಾಕ? ಪಾಪ, ಥಂಡ ಇರ್ಲಿ ಅಂತ ಇಟ್ಟೆ" ಅಂದರು.

ಪಾಪವಂತೆ! ನನ್ನ ಮಾತು ಯಾವತ್ತಾದರೂ ಇವರ ಕಿವಿಗೆ ಬಿದ್ದಿದ್ದರೆ ತಾನೆ?

ಈಗ ಡಬ್ಬಿ ಮಂಚದ ಪಕ್ಕದಲ್ಲಿದೆ, ಬಲ್ಬು ಉರಿಯುತ್ತಿದೆ, ಕೂಲರ್ ಬಂದ್. ಇವರು ಬೆವರಿನಲ್ಲಿ ತೊಯ್ದು ಹೊರಳಾಡುತ್ತಿದ್ದಾರೆ.

"ಕೂಲರ್ ಹಚ್ಚು, ಸೆಕಿಗೆ ಸಾಯಾಕತ್ತೇನಿ."

"ಮರಿಗಳಿಗೆ ಪುಕ್ಕ ಬರೂತನಕ ತಡೀರಿ" ಅಂದೆ.