ತಲೆಯ ಮೇಲಿನ ಗರಿ

ಮಾರ್ಚ್ ೧೨, ಗುರುವಾರ

ಪುಟ್ಟಿಗೆ, ಅಮ್ಮನ ಸಾವಿರ ಮುತ್ತು.

ನಾವಿಲ್ಲಿ ಕ್ಷೇಮ ಎಂದು ಬರೆದರೆ ಆಸ್ಪತ್ರೆಯಲ್ಲಿ ಮಲಗಿರುವ ನಿನಗೆ ಸಿಟ್ಟು ಬರುತ್ತದೆ. ಆದರೂ ಕ್ಷೇಮ. ಉತ್ತರ ತಡವಾಯಿತು, ಬೈಯಬೇಡ. ಹೆಬ್ಬೆರಳಿಗೆ ಬ್ಯಾಂಡೇಜು ಬಿದ್ದಿದೆ. ನಮ್ಮ ಪಕ್ಷಿ ಆಸ್ಪತ್ರೆಯ ಗಿಳಿರಾಯ ಕಚ್ಚಿದ.

ಚರ್ಮರೋಗದಿಂದ ತಲೆ ಪೂರ್ತಿ ಬೋಳಾಗಿ ಬಂದಿದ್ದನಲ್ಲ, ಅವನೇ. ಮದ್ದು ಹಿಡಿದು ಈಗ ಹೊಸ ಗರಿಗಳು ಮೊಳೆಯುತ್ತಿವೆ. ಗರಿ ಹೊರಬರುವಾಗ ಗರಿಯ ಹಾಗಿರುವುದಿಲ್ಲ, ಗೊತ್ತಾ? ಚರ್ಮದ ಗುಳಿಯಿಂದ ಮುಳ್ಳಿನಂತೆ ಏಳುತ್ತದೆ. ಮೇಲೊಂದು ಗಟ್ಟಿ ಸಿಪ್ಪೆ, ನಮ್ಮ ಉಗುರಿನ ಜಾತಿಯದೇ. ಒಳಗೆ ಗರಿ ಸುರುಳಿಯಾಗಿ ಕೂತಿರುತ್ತದೆ. ಬೆಳೆದ ಮೇಲೆ ಹಕ್ಕಿ ಕೊಕ್ಕಿನಿಂದ ಸಿಪ್ಪೆ ಉದುರಿಸಿದರೆ ಗರಿ ಬಿಚ್ಚಿಕೊಳ್ಳುತ್ತದೆ. ರೆಕ್ಕೆ, ಎದೆ, ಬಾಲ ಎಲ್ಲಕ್ಕೂ ಕೊಕ್ಕು ಎಟಕುತ್ತದೆ, ತಲೆಗೆ ಮಾತ್ರ ಎಟಕುವುದಿಲ್ಲ. ಅದಕ್ಕೆ ಜೊತೆಯ ಹಕ್ಕಿಯೇ ಬೇಕು. ಇವನೋ ಒಂಟಿ. ಸರಿ, ಜೊತೆ ನಾನೇ ಆಗುತ್ತೇನೆ ಎಂದು ಒದ್ದೆ ಬೆರಳಲ್ಲಿ ಉಜ್ಜಲು ಹೋದೆ. ಕಿರುಚಿದ ನೋಡು, ಅಬ್ಬಬ್ಬಾ! ಬೆರಳ ಮೇಲೆ ನನ್ನ ರಕ್ತ ಯಾವುದು, ಅವನದು ಯಾವುದು ತಿಳಿಯಲಿಲ್ಲ.

ಡಾಕ್ಟರಮ್ಮ ಓಡಿ ಬಂದರು. "ಏನ್ರೀ ನೀವು, ಇಷ್ಟು ವರ್ಷ ಕೆಲಸ ಮಾಡಿ! ಬುಡ ಇನ್ನೂ ನೀಲಿ ಇದೆ ನೋಡಿ, ಒಳಗೆ ರಕ್ತ ಹರೀತಿದೆ. ಮುಟ್ಟಿದ್ರೆ ಪ್ರಾಣ ಹೋದ ಹಾಗಾಗುತ್ತೆ ಅದಕ್ಕೆ. ಒಣಗಿ ಬೆಳ್ಳಗಾಗೋವರೆಗೂ ಕೈ ಕಟ್ಕೊಂಡು ಕೂತಿರಿ," ಅಂದರು. ಕೈ ಕಟ್ಟಿ ಕೂರುವ ಹೆಂಗಸೇ ನಾನು? ಆದರೂ ಕೂತಿದ್ದೇನೆ.

ನೀನೀಗ ಮೂತಿ ತಿರುವುತ್ತಿರುತ್ತೀಯ, "ಶುರುವಾಯ್ತಾ ಅಮ್ಮಂದು, ಗಿಳಿ ನೆಪದಲ್ಲಿ ನನಗೆ ಪುರಾಣ" ಅಂತ. ಹೌದು ಕಣೇ, ನಿನಗೇ. ಔಷಧಿಗೆ ಕೂದಲು ಉದುರಿದ್ದೇ ತಡ, "ಈಗ ಯಾರೂ ಬರಬೇಡಿ, ಕೂದಲು ಬಂದಮೇಲೆ ಬನ್ನಿ" ಎಂದು ಬರೆದುಬಿಟ್ಟೆಯಲ್ಲ. ಗೆಳತಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎನ್ನುತ್ತೀಯ. ನೋಡಿಕೊಳ್ಳಲಿ, ಅವಳ ಹೊಟ್ಟೆ ತಣ್ಣಗಿರಲಿ. ಆದರೆ ಅವಳು ನಾನಲ್ಲವಲ್ಲ! ನಿಮ್ಮಪ್ಪ, "ಅವಳು ಬೇಡ ಅಂದ್ಮೇಲೆ ಸುಮ್ನಿರೇ" ಅನ್ನುತ್ತಾರೆ. ಹಾಗಂದವರೇ ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ನಿಮ್ಮೂರ ಬಸ್ಸಿನ ವೇಳೆ ಕೇಳಿಕೊಂಡು ಬರುತ್ತಾರೆ.

ಕೂದಲು ಬರಲಿ, ಬರದಿರಲಿ, ನನಗೆ ನಿನ್ನ ಮುಖ ಬೇಕು. "ಬಾ" ಅಂತ ಒಂದೇ ಒಂದು ಮಾತು ಬರಿ, ಮೊದಲ ಬಸ್ಸಿಗೇ ಹೊರಡುತ್ತೇನೆ.

ಊಟ ಬಿಡಬೇಡ. ಬೇಗ ಗುಣವಾಗು, ನೂರು ಕಾಲ ಬಾಳು ಮಗಳೇ.

ಇಬ್ಬರ ಆಶೀರ್ವಾದದೊಂದಿಗೆ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ಹೋದ ತಿಂಗಳು ನಿಮ್ಮಪ್ಪನಿಗೂ ಹೇಳದೆ ಬಂದಿದ್ದೆ. ವಾರ್ಡಿನ ಬಾಗಿಲಲ್ಲಿ ನಿಂತೆ. ನೀನು ಕಿಟಕಿಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದೆ. ಟೋಪಿ ಜಾರಿತ್ತು. ನಿದ್ದೆಗಣ್ಣಲ್ಲೇ ತಡಕಿ ಅದನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡೆ ನೀನು. ಒಳಗೆ ಕಾಲಿಡಲು ನನ್ನಿಂದ ಆಗಲಿಲ್ಲ. ನರ್ಸ್ ಬಂದು, "ಯಾರು ಬೇಕಿತ್ತಮ್ಮಾ?" ಎಂದು ಕೇಳಿದಳು. "ಯಾರೂ ಇಲ್ಲ, ವಾರ್ಡು ತಪ್ಪಿ ಬಂದೆ" ಅಂದೆ.