ಗುರುವಾರದ ಮೂವತ್ತೆಂಟು ಕಿಲೋಮೀಟರ್

ಮಾರ್ಚ್ ೧೪, ಸೋಮವಾರ. ಆಡಿಟರ್ ಕಚೇರಿಯಿಂದ ಈಗಷ್ಟೇ ಬಂದೆ.

ಅಪ್ಪಾ,

ನೀವು ತೀರಿಕೊಂಡ ವರ್ಷದ ತೆರಿಗೆ ಲೆಕ್ಕವನ್ನು ನಾನೇ ಒಪ್ಪಿಸಬೇಕಾಯಿತು. ಫ್ರಿಜ್ ರಿಪೇರಿಯ ರಸೀದಿಗಳ ಜೊತೆ ನಿಮ್ಮ ವ್ಯಾನಿನ ಓಡಾಟದ ಡೈರಿಗಳನ್ನೂ ಕೊಟ್ಟೆ. ಆಡಿಟರ್ ಪುಟ ತಿರುವುತ್ತಾ ನಕ್ಕರು.

"ಏನಮ್ಮಾ ನಿಮ್ಮಪ್ಪ! ಜನ ಮಾವನ ಮನೆಗೆ ಹೋದದ್ದನ್ನೂ ಕೆಲಸದ ಖರ್ಚಿಗೆ ಸೇರಿಸ್ತಾರೆ. ಇವರು ನೋಡಿ, ಪ್ರತಿ ಗುರುವಾರ ಮೂವತ್ತೆಂಟು ಕಿಲೋಮೀಟರ್, ‘ಸ್ವಂತಕ್ಕೆ’ ಅಂತ ಬರೆದು ಖರ್ಚಿನಿಂದ ಬಿಟ್ಟುಬಿಟ್ಟಿದ್ದಾರೆ."

ಹನ್ನೊಂದು ವರ್ಷ ಗುರುವಾರ ಸಂಜೆ ನೀವು ನಮಗೆ ಹೇಳಿದ್ದು, "ಗಿರಾಕಿ ಮನೆಗೆ ಹೋಗಿಬರ್ತೀನಿ" ಎಂದು. ತೆರಿಗೆಯವರಿಗೆ ಮಾತ್ರ ನಿಜ ಹೇಳಿದಿರಿ. ಹೋಗಲು ಹತ್ತೊಂಬತ್ತು, ಬರಲು ಹತ್ತೊಂಬತ್ತು. ಪ್ರತಿ ಸಾಲಿನಲ್ಲೂ "ಸೇತುವೆ ದಾಟಿ ನೇರ" ಎಂದಿದೆ. ಯಾರ ಮನೆ ಎಂದಿಲ್ಲ.

"ಎಲ್ಲಾ ಸರಿಯಾಗಿತ್ತೇನೇ?" ಎಂದು ಅಮ್ಮ ಕೇಳಿದಳು. ಸರಿಯಾಗಿದೆ ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೇನೋ ಎಂದು ಈಗ ನನಗೆ ಅನುಮಾನ.

ಒಂದು ಗುರುವಾರ ನೀವು ವ್ಯಾನಿನ ಕೀ ಹಿಡಿದು ಬಾಗಿಲಲ್ಲಿ ನಿಂತು, "ನೀನೂ ಬರ್ತೀಯಾ?" ಎಂದಿರಿ. ನಾನು ಕಾದಂಬರಿಯಿಂದ ತಲೆ ಎತ್ತಲಿಲ್ಲ. "ಯಾರದೋ ಫ್ರಿಜ್ ನೋಡೋಕೆ ನಾನ್ಯಾಕಪ್ಪಾ?" ಎಂದೆ. ನೀವು ಒಬ್ಬರೇ ಹೊರಟಿರಿ. ನಾನು ಬರುವುದಿಲ್ಲವೆಂದು ಗೊತ್ತಿದ್ದೇ ಕೇಳಿದಿರಾ?

ಈ ಗುರುವಾರ ವ್ಯಾನಿನ ಮೀಟರನ್ನು ಸೊನ್ನೆಗೆ ತಂದು ಸೇತುವೆ ದಾಟುವುದೆಂದು ನಿರ್ಧರಿಸಿದ್ದೇನೆ. ಹತ್ತೊಂಬತ್ತು ಆದಲ್ಲಿ ನಿಲ್ಲಿಸುತ್ತೇನೆ. ಡೈರಿಯಲ್ಲಿ ಆ ದಿನದ ಸಾಲನ್ನು ಈಗಲೇ ಬರೆದಿಟ್ಟಿದ್ದೇನೆ: ಸ್ವಂತಕ್ಕೆ.