ಓಟ್ಸ್ ಪಾತ್ರೆ ಎಸೆದ ಬೆಳಿಗ್ಗೆ

ಮಾರ್ಚ್ ೯, ಭಾನುವಾರ

ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮಗಳು ಆಸೆಪಟ್ಟಳು ಅಂತ ತಿಂಡಿಗೆ ಓಟ್ಸ್, ಕೋಕೋ, ಬಾಳೆಹಣ್ಣು ಕಲಸಿ ಓವನ್‌ನಲ್ಲಿಟ್ಟಿದ್ದೆ. ಮೇಲೆ ಚಾಕೊಲೇಟ್ ಕರಗಿ ಮನೆಯೆಲ್ಲ ಘಮಘಮ ಅಂತಿತ್ತು. ಯಜಮಾನರು ಎದ್ದು ಬಂದು, "ಇದೇನು ಕೆಸರು?" ಅಂದವರೇ ಮೇಜಿನ ಮೇಲೆ ಆರಲಿಟ್ಟಿದ್ದ ಗಾಜಿನ ಪಾತ್ರೆಯನ್ನು ಗೋಡೆಗೆ ಬೀಸಿದರು. ಚೂರು ಸಿಡಿದು ಮಗಳ ಹುಬ್ಬು ಸೀಳಿತು. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು.

ಲಟ್ಟಣಿಗೆ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಲಟಕ್ಕೆಂದಿತು.

"ಅಮ್ಮಾ, ನೋಡು ಇವಳನ್ನ," ಅಂತ ಅರಚಿದ.

ಅತ್ತೆ ಮೊಮ್ಮಗಳ ಹಣೆಗೆ ಟವೆಲ್ ಒತ್ತಿ ಹಿಡಿದಿದ್ದರು. ತಲೆಯೆತ್ತದೆ, "ನಡಿ ಆಚೆ," ಅಂದರು ಮಗನಿಗೆ. ಹೋದ.

ಹೊಲಿಗೆ ಹಾಕಿಸಿಕೊಂಡು ಬಂದೆವು. ಮಗಳು ಅಜ್ಜಿಯ ಪಕ್ಕ ಮಲಗಿದ್ದಾಳೆ. ತಪ್ಪು ಮಾಡಿದೆ ಅಂತ ಒಂದು ಚೂರೂ ಅನ್ನಿಸುತ್ತಿಲ್ಲ. ಇನ್ನೊಂದು ಏಟು ಹಾಕಬೇಕಿತ್ತು ಅನ್ನಿಸುತ್ತಿದೆ. ಅದಕ್ಕೇ ಭಯ. ನಾಳೆ ಅವನು ಬಂದು ಬಾಗಿಲು ಬಡಿದರೆ ನಾನು ಮತ್ತೆ ಲಟ್ಟಣಿಗೆ ಎತ್ತಿಬಿಡುತ್ತೇನೇನೋ.